ಟೀ ಶರ್ಟ್, ಮೆಡಲ್ ಇಲ್ಲದಿದ್ದರೆ ಓಡೋಕೆ ಜನ ಬರ್ತಾರಾ?

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಒಂದು 10 ಕಿ.ಮೀ. ಓಟ ನಡೆಸೋಣ ಅಂತ ಗೆಳೆಯರೆಲ್ಲ ಸೇರಿ ಮಾತಾಡಿಕೊಂಡಿದ್ದೇವೆ. ಲೆಕ್ಕ ಹಾಕಿದರೆ ಅರ್ಧ ದುಡ್ಡು ಟೀ ಶರ್ಟ್, ಮೆಡಲ್‌ಗೇ ಹೋಗುತ್ತದೆ. ಓಡುವವರಿಗೆ ಇವೆಲ್ಲ ನಿಜವಾಗಲೂ ಬೇಕಾ? ಇಲ್ಲ, ಎಲ್ಲ ಕಡೆ ಕೊಡ್ತಾರೆ ಅಂತ ನಾವೂ ಕೊಡಬೇಕಾ?

ಉತ್ತರ: ಓಟ ನಡೆಸಲು ಹೊರಟವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ. ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮೆಡಲ್ ಕೊಡಿ. ಟೀ ಶರ್ಟನ್ನು ಬೇಕು ಅಂದವರಿಗೆ ಮಾತ್ರ ಕೊಡಿ. ಮಿಕ್ಕ ಚೀಲ, ಕೂಪನ್, ಶಾಂಪೂ ಸ್ಯಾಷೆ ಇವು ಇಲ್ಲದಿದ್ದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ಶಾಲೆಗಳ ಕ್ರೀಡಾಕೂಟ ನೆನಪಿದೆಯಲ್ಲ? ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ಓಡಿಸುತ್ತಿದ್ದರು. ಮೊದಲ ಮೂವರಿಗೆ ಬಹುಮಾನ, ಉಳಿದವರಿಗೆ ಚಪ್ಪಾಳೆ ತಟ್ಟುವ ಕೆಲಸ. ಆ ಉಳಿದವರೇ ಈಗ ನಲವತ್ತು ದಾಟಿದ ಮೇಲೆ ಓಡೋಕೆ ಶುರು ಮಾಡಿದ್ದಾರೆ. ಡಾಕ್ಟರ್ ಹೇಳಿದರು ಅಂತ ಒಬ್ಬರು, ಪಕ್ಕದ ಮನೆಯವರು ಕರೆದರು ಅಂತ ಇನ್ನೊಬ್ಬರು. ಇವರಲ್ಲಿ ತುಂಬಾ ಜನರಿಗೆ ಓಡಿದ್ದಕ್ಕೆ ಸಿಗುವ ಮೊದಲ ಮೆಡಲ್ ಇದೇ. ಯಾವುದಾದರೂ ಓಟದ ದಿನ ಫಿನಿಶ್ ಲೈನ್ ಪಕ್ಕ ಅರ್ಧ ಗಂಟೆ ನಿಂತು ನೋಡಿ. ಗೆದ್ದವರನ್ನಲ್ಲ, ಕೊನೆಕೊನೆಗೆ ಬರುವವರನ್ನು ನೋಡಿ. ಐವತ್ತು ದಾಟಿದ ಹೆಂಗಸರೊಬ್ಬರು ಕೊರಳಿಗೆ ಮೆಡಲ್ ಬಿದ್ದ ತಕ್ಷಣ ಮೊದಲು ಮಾಡುವ ಕೆಲಸ ಮಗನಿಗೆ ವಿಡಿಯೋ ಕಾಲ್. ಉಸಿರು ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಮೆಡಲನ್ನು ಕ್ಯಾಮೆರಾ ಹತ್ತಿರ ಹಿಡಿದು, "ಕಾಣ್ತಾ ಇದ್ಯೇನೋ?" ಅಂತ ಕೇಳುತ್ತಾರೆ. ಆ ಮೆಡಲ್ ಬರೀ ಸತುವಿನ ಎರಕ, ಅದಕ್ಕೊಂದು ರಿಬ್ಬನ್, ಅಷ್ಟೇ. ಆದರೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಮನೆ ಕೆಲಸಕ್ಕೂ ತೊಂದರೆಯಾಗದ ಹಾಗೆ ತಿಂಗಳುಗಟ್ಟಲೆ ಓಡಿದ್ದಕ್ಕೆ ಕೈಗೆ ಸಿಗುವ ಸಾಕ್ಷಿ ಅದೊಂದೇ ಅಲ್ವಾ?

"ಓಡಿದವರಿಗೆಲ್ಲ ಮೆಡಲ್ ಕೊಟ್ಟರೆ ಅದಕ್ಕೇನು ಬೆಲೆ?" ಅನ್ನುವವರೂ ಇದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟು ಜನರಿಗೆ ಕೊಟ್ಟರು ಅನ್ನುವುದರಿಂದ ಮೆಡಲ್‌ನ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅದು ಏನನ್ನು ಹೇಳುತ್ತದೆ ಅನ್ನುವುದೇ ಮುಖ್ಯ.

ಇದನ್ನು ಕಣ್ಣಾರೆ ನೋಡಬೇಕಾದರೆ ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟ ನೋಡಬೇಕು. ಡರ್ಬನ್ ಮತ್ತು ಪೀಟರ್‌ಮ್ಯಾರಿಟ್ಸ್‌ಬರ್ಗ್ ನಡುವೆ ಸುಮಾರು 90 ಕಿ.ಮೀ., ದಾರಿ ತುಂಬಾ ಗುಡ್ಡ. ನಮ್ಮ ಬೆಂಗಳೂರಿನವರೂ ಹೋಗಿ ಓಡುತ್ತಾರೆ. ಇಷ್ಟೆಲ್ಲ ಓಡಿದ ಮೇಲೆ ಸಿಗುವ ಮೆಡಲ್ ಒಂದು ನಾಣ್ಯದಷ್ಟು ಚಿಕ್ಕದು. ಮೊದಲ ಸಲ ನೋಡಿದವರು "ಇಷ್ಟೇನಾ?" ಅಂತಾರೆ. ಆದರೆ ಅಲ್ಲಿ ಎಷ್ಟು ಹೊತ್ತಿನಲ್ಲಿ ಮುಗಿಸಿದರು ಅಂತ ನೋಡಿ ಬೇರೆ ಬೇರೆ ಮೆಡಲ್ ಕೊಡುತ್ತಾರೆ. ಕೆಲವಕ್ಕೆ ಒಬ್ಬೊಬ್ಬರ ಹೆಸರಿದೆ, ಆ ಹೆಸರಿಗೊಂದು ಕಥೆಯಿದೆ. 1921ರ ಮೊದಲ ಓಟದಲ್ಲಿ ಹೊರಟವರು 34 ಜನ, ಮುಗಿಸಿದವರು 16 ಜನ. ಗೆದ್ದ ಬಿಲ್ ರೋವನ್‌ಗೆ 8 ಗಂಟೆ 59 ನಿಮಿಷ ಬೇಕಾಯಿತು. ಇವತ್ತು 9 ಗಂಟೆಯೊಳಗೆ ಬಂದವರಿಗೆ ಕೊಡುವ ಮೆಡಲ್ ಅವರ ಹೆಸರಿನದು. ಅಂದರೆ ಸಾಧಾರಣ ಓಟಗಾರರೂ ಮೊದಲ ವರ್ಷ ಗೆದ್ದವರ ಜೊತೆ ತಮ್ಮ ಸಮಯವನ್ನು ಹೋಲಿಸಿಕೊಳ್ಳಬಹುದು. 10 ಗಂಟೆಯೊಳಗಿನ ಮೆಡಲ್‌ಗೆ ರಾಬರ್ಟ್ ಮ್ಟ್ಶಾಲಿ ಹೆಸರಿಟ್ಟಿದ್ದಾರೆ. ಕಪ್ಪು ಜನರಿಗೆ ಓಡಲು ಅನುಮತಿಯೇ ಇಲ್ಲದ ಕಾಲದಲ್ಲಿ, 1935ರಲ್ಲಿ, ಅವರು ಈ ಓಟ ಓಡಿದ್ದರು. ಆ ಓಟ ಲೆಕ್ಕಕ್ಕೆ ಬರಲಿಲ್ಲ. ಕಪ್ಪು ಜನರಿಗೂ ಹೆಂಗಸರಿಗೂ ಅಧಿಕೃತವಾಗಿ ಬಾಗಿಲು ತೆರೆದಿದ್ದು 1975ರಲ್ಲಿ. ಮ್ಟ್ಶಾಲಿ ಹೆಸರಿನ ಮೆಡಲ್ ಬಂದಿದ್ದು 2019ರಲ್ಲಿ. ಕೊನೆಗೆ, 11ರಿಂದ 12 ಗಂಟೆಯ ನಡುವೆ ಬರುವವರ ಮೆಡಲ್‌ಗೆ ವಿಕ್ ಕ್ಲ್ಯಾಫಮ್ ಹೆಸರು. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ ಈ ಓಟ ಶುರು ಮಾಡಿದವರು ಅವರೇ. ಎಲ್ಲರಿಗಿಂತ ಹಿಂದೆ ಬರುವವರಿಗೆ ಓಟ ಹುಟ್ಟುಹಾಕಿದವರ ಹೆಸರಿನ ಮೆಡಲ್! ಇದನ್ನು ಯೋಚಿಸಿದವರಿಗೆ ಓಡುವವರ ಮನಸ್ಸು ಚೆನ್ನಾಗಿ ಗೊತ್ತಿತ್ತು. 12 ಗಂಟೆಗೆ ಸರಿಯಾಗಿ ಒಬ್ಬ ಅಧಿಕಾರಿ ಬರುತ್ತಿರುವ ಓಟಗಾರರಿಗೆ ಬೆನ್ನು ಹಾಕಿ ನಿಂತು ಸಮಯ ಮುಗಿಯಿತು ಅಂತ ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ. ಒಂದು ಸೆಕೆಂಡ್ ತಡವಾದರೂ ಮೆಡಲ್ ಇಲ್ಲ. ಹಾಗಾಗಿ ಆ ಪುಟ್ಟ ಮೆಡಲ್‌ಗೆ ಅಷ್ಟು ಮರ್ಯಾದೆ.

ನಿಮ್ಮ ತಾಲ್ಲೂಕಿನ ಓಟಕ್ಕೆ ಇಷ್ಟು ದೊಡ್ಡ ಕಥೆ ಬೇಕಾಗಿಲ್ಲ. ಆದರೆ ಮೆಡಲ್ ಮೇಲೆ ನಿಮ್ಮ ಊರು ಇರಲಿ. ಕೆರೆ ಏರಿ, ಬೆಟ್ಟ, ಕೋಟೆ ಬಾಗಿಲು, ಯಾವುದು ಓಟದ ದಾರಿಯಲ್ಲಿ ಬರುತ್ತದೋ ಅದು. ವರ್ಷ, ದೂರ ಎರಡೂ ಕನ್ನಡದಲ್ಲಿರಲಿ. ಎಲ್ಲ ಓಟಕ್ಕೂ ಒಂದೇ ಅಚ್ಚಿನಲ್ಲಿ ಮಾಡಿದ, ಓಡುವ ಮನುಷ್ಯನ ಚಿತ್ರವಿರುವ ರೆಡಿ ಮೆಡಲ್ ತರಿಸಬೇಡಿ. ತುಂಬಾ ವರ್ಷದಿಂದ ಓಡುತ್ತಿರುವವರ ಮನೆಯಲ್ಲಿ ಅಂಥವು ಬೀರುವಿನ ಕೆಳಗಿನ ಡ್ರಾಯರ್‌ನಲ್ಲಿ ಬಿದ್ದಿರುತ್ತವೆ. ಗೋಡೆಗೆ ಬರುವುದು ನಾಲ್ಕೈದು ಮಾತ್ರ: ಮೊದಲನೆಯದು, ಮೊದಲ ಫುಲ್ ಮ್ಯಾರಥಾನ್‌ನದು, ಚಿಕ್ಕಮಗಳೂರಿನ ಕಾಫಿ ತೋಟಗಳ ಏರಿಳಿತದಲ್ಲಿ ಒದ್ದಾಡಿ ಮುಗಿಸಿದ ಮಲ್ನಾಡ್ ಅಲ್ಟ್ರಾ ಓಟದ್ದು, ಹೀಗೆ.

ಇನ್ನು ಟೀ ಶರ್ಟ್. ಇದರಲ್ಲಿ ಎರಡು ಬಗೆ. ಓಟಕ್ಕೆ ಮೊದಲೇ ಬಿಬ್ (ಎದೆಗೆ ಸಿಕ್ಕಿಸಿಕೊಳ್ಳುವ ನಂಬರ್ ಚೀಟಿ) ಜೊತೆ ಕೈಗೆ ಕೊಡುವುದು ಒಂದು. ಓಡಿ ಮುಗಿಸಿದವರಿಗೆ ಮಾತ್ರ ಕೊಡುವ ಫಿನಿಶರ್ ಟೀ ಶರ್ಟ್ ಇನ್ನೊಂದು. ಮುಂಬೈ ಮ್ಯಾರಥಾನ್‌ನಲ್ಲಿ 42.195 ಕಿ.ಮೀ. ಮುಗಿಸಿದವರಿಗೆ ಫಿನಿಶರ್ ಟೀ ಶರ್ಟ್ ಸಿಗುತ್ತದೆ. ಅದನ್ನು ಹಾಕಿಕೊಂಡು ಭಾನುವಾರ ಕಬ್ಬನ್ ಪಾರ್ಕ್‌ಗೆ ಬಂದರೆ ಅಪರಿಚಿತರೂ ಪಕ್ಕದಲ್ಲಿ ಓಡುತ್ತಾ "ಟೈಮಿಂಗ್ ಎಷ್ಟು?" ಅಂತ ಮಾತು ಶುರು ಮಾಡುತ್ತಾರೆ. ಅದಕ್ಕೆ ಬೆಲೆ ಇದೆ. ಬಾಸ್ಟನ್ ಮ್ಯಾರಥಾನ್‌ಗಂತೂ ಓಡಲು ಬೇಕಾದ ಅರ್ಹತಾ ಸಮಯ ಗಳಿಸಿದವರು ತಮ್ಮದೇ ದುಡ್ಡು ಕೊಟ್ಟು ಜಾಕೆಟ್ ಕೊಳ್ಳುತ್ತಾರೆ. ಓಟ ಮುಗಿಸುವ ತನಕ ಅದನ್ನು ಹಾಕಿಕೊಳ್ಳಬಾರದು ಅಂತ ಎಷ್ಟೋ ಜನರ ನಂಬಿಕೆ.

ಮೊದಲೇ ಕೊಡುವ ಶರ್ಟ್‌ನ ಪಾಡು ಬೇರೆ. ಬೆನ್ನಿನ ಮೇಲೆ ಸ್ಪಾನ್ಸರ್‌ಗಳ ಹೆಸರು ತುಂಬಿ ಅಷ್ಟಗಲದ ಪ್ರಿಂಟ್ ಹಾಕಿರುತ್ತಾರೆ. ಪ್ರಿಂಟ್ ಇರುವ ಜಾಗದಲ್ಲಿ ಬಟ್ಟೆಗೆ ಗಾಳಿಯಾಡುವುದಿಲ್ಲ. 5 ಕಿ.ಮೀ. ಹೊತ್ತಿಗೆ ಬೆವರು ಕೂತು, ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹಾಗೆ ಆಗುತ್ತದೆ. ಅಳತೆಯದ್ದು ಇನ್ನೊಂದು ತಾಪತ್ರಯ. ಹೆಂಗಸರಿಗೂ ಗಂಡಸರ ಅಳತೆಯದೇ ಕೊಡುತ್ತಾರೆ. ಸ್ಮಾಲ್ ಸೈಜ್ ಕೇಳಿದರೆ "ಖಾಲಿ ಆಯ್ತು ಮೇಡಂ, ಲಾರ್ಜ್ ಇದೆ" ಅನ್ನುವ ಉತ್ತರ. ಆ ಶರ್ಟ್ ಕೊನೆಗೆ ನೆಲ ಒರೆಸೋಕೆ ಹೋಗುತ್ತದೆ. ಅದು ಪಾಲಿಯೆಸ್ಟರ್, ನೀರನ್ನೂ ಸರಿಯಾಗಿ ಹೀರುವುದಿಲ್ಲ.

ಹಾಗಾಗಿ ನೋಂದಣಿ ಫಾರಂನಲ್ಲೇ ಎರಡು ಆಯ್ಕೆ ಇಡಿ: ಶರ್ಟ್ ಬೇಕು, ಶರ್ಟ್ ಬೇಡ. ಬೇಡ ಅಂದವರಿಗೆ ಶುಲ್ಕ ಕಡಿಮೆ ಮಾಡಿ. ಸ್ಕಾಟ್ಲೆಂಡ್‌ನಲ್ಲಿ ಶುರುವಾದ 'ಟ್ರೀಸ್ ನಾಟ್ ಟೀಸ್' ಅನ್ನುವ ಸಂಸ್ಥೆ ಶರ್ಟ್ ಬೇಡ ಅಂದವರ ಹೆಸರಲ್ಲಿ ಗಿಡ ನೆಡುತ್ತದೆ. ನಿಮ್ಮ ಊರಿನ ಗುಂಡುತೋಪಿನಲ್ಲೂ ಇದನ್ನು ಮಾಡಬಹುದು. ಆದರೆ ನೆಟ್ಟ ಗಿಡಕ್ಕೆ ಬೇಸಿಗೆಯಲ್ಲಿ ನೀರು ಹಾಕುವವರು ಯಾರು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.

ಅಲ್ಲಿ ಉಳಿದ ದುಡ್ಡನ್ನು ಎಲ್ಲಿ ಹಾಕಬೇಕು ಅಂದರೆ, ದಾರಿಗೆ. ಓಡುವವರು ವರ್ಷಗಟ್ಟಲೆ ಮಾತಾಡುವುದು ಇದರ ಬಗ್ಗೆಯೇ. ದೂರ ಸರಿಯಾಗಿತ್ತಾ? ನೀರು ಸಿಕ್ತಾ? 10 ಕಿ.ಮೀ. ಅಂತ ಹೇಳಿ 9.6ಕ್ಕೆ ಮುಗಿಸಿದರೆ ಎಷ್ಟು ಚೆಂದದ ಮೆಡಲ್ ಕೊಟ್ಟರೂ ಆ ಸಿಟ್ಟು ಹೋಗುವುದಿಲ್ಲ. ದೊಡ್ಡ ಓಟಗಳಲ್ಲಿ ಸೈಕಲ್ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನುವ ಪುಟ್ಟ ಯಂತ್ರ ಜೋಡಿಸಿ ದಾರಿ ಅಳೆಯುತ್ತಾರೆ. ಎಲ್ಲೂ ಕಡಿಮೆ ಬೀಳಬಾರದು ಅಂತ ಪ್ರತಿ ಕಿಲೋಮೀಟರ್‌ಗೆ ಒಂದು ಮೀಟರ್ ಜಾಸ್ತಿಯೇ ಸೇರಿಸುತ್ತಾರೆ. ನೀವು ಮೊಬೈಲ್ ಮ್ಯಾಪ್ ಒಂದನ್ನೇ ನಂಬಬೇಡಿ. ಚಿಪ್ ಟೈಮಿಂಗ್ (ಪುಟ್ಟ ಚಿಪ್‌ನಿಂದ ಒಬ್ಬೊಬ್ಬರ ಸಮಯ ಅಳೆಯುವುದು) ಸಾಧ್ಯವಾದರೆ ಮಾಡಿಸಿ. ಕೆಲವು ದೊಡ್ಡ ಓಟಗಳಲ್ಲಿ ಯಾರು ಯಾವ ಗುಂಪಿನಲ್ಲಿ ನಿಲ್ಲಬೇಕು ಅಂತ ನಿರ್ಧರಿಸಲು ಟೈಮಿಂಗ್ ಸರ್ಟಿಫಿಕೇಟ್ ಕೇಳುತ್ತಾರೆ. ಆಗ ನಿಮ್ಮ ಓಟದ ಸರ್ಟಿಫಿಕೇಟ್ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಹೆಂಗಸರಿಗೆ ಸ್ವಚ್ಛವಾದ ಶೌಚಾಲಯ, ಒಂದು ಆಂಬುಲೆನ್ಸ್, ಮತ್ತು ತಿಂಡಿ. ತಿಂಡಿಯನ್ನು ಹಗುರವಾಗಿ ತಗೋಬೇಡಿ. ಬಿಸಿ ಇಡ್ಲಿ, ವಡೆ, ಖಾರ ಪೊಂಗಲ್ ಹಾಕಿಸಿದ ಓಟಕ್ಕೆ ಮುಂದಿನ ವರ್ಷ ಮನೆಯವರನ್ನೂ ಕರೆದುಕೊಂಡು ಬರುತ್ತಾರೆ. ಫೋಟೋ ಬೇಕಾದರೆ ದುಡ್ಡು ಕೊಡಿ ಅನ್ನಬೇಡಿ, ಸುಮ್ನೆ ಎಲ್ಲರಿಗೂ ಕಳಿಸಿಬಿಡಿ.

ಮೆಡಲ್ ಆರ್ಡರ್ ಮಾಡುವಾಗ ಒಂದು ವಿಷಯದಲ್ಲಿ ಜಿಪುಣತನ ಬೇಡ. ನೋಂದಣಿ ಮಾಡಿಸಿದವರಲ್ಲಿ ಕೆಲವರು ಬರುವುದಿಲ್ಲ, ಅಷ್ಟು ಕಡಿಮೆ ತರಿಸೋಣ ಅಂತ ಲೆಕ್ಕ ಹಾಕುವವರಿದ್ದಾರೆ. ಆ ಲೆಕ್ಕ ತಪ್ಪಿದರೆ ಮೆಡಲ್ ಸಿಗದೆ ಹೋಗುವುದು ಕೊನೆಗೆ ಬರುವವರಿಗೆ. ಯಾರಿಗೆ ಅದು ಎಲ್ಲರಿಗಿಂತ ಜಾಸ್ತಿ ಬೇಕೋ ಅವರಿಗೇ "ಮುಗೀತು, ಕೊರಿಯರ್ ಮಾಡ್ತೀವಿ" ಅನ್ನುವ ಮಾತು. ಕೊರಿಯರ್‌ನಲ್ಲಿ ಬಂದ ಮೆಡಲ್‌ಗೆ ಆ ಖುಷಿ ಇರುವುದಿಲ್ಲ. ನೋಂದಣಿಯಾದಷ್ಟೂ ತರಿಸಿ. ಕೌಂಟರ್‌ನಲ್ಲಿ ಬಿಬ್ ತೋರಿಸಿ ಪ್ಲಾಸ್ಟಿಕ್ ಕವರ್‌ನಲ್ಲಿ ತಗೊಂಡು ಹೋಗಿ ಅನ್ನಬೇಡಿ. ಗೆರೆ ದಾಟಿದ ಜಾಗದಲ್ಲೇ ನಿಮ್ಮೂರ ಹೈಸ್ಕೂಲ್ ಮಕ್ಕಳನ್ನು ನಿಲ್ಲಿಸಿ ಕೊರಳಿಗೆ ಹಾಕಿಸಿ. ಕಟ್ ಆಫ್, ಅಂದರೆ ಓಟ ಮುಗಿಸುವ ಗಡುವು, ಎರಡು ಗಂಟೆ ಅಂತ ಇಟ್ಟಿದ್ದರೆ ಆ ಎರಡು ಗಂಟೆಯೂ ಫಿನಿಶ್ ಲೈನ್ ಕಮಾನು ಬಿಚ್ಚಬೇಡಿ, ಮೈಕ್ ನಿಲ್ಲಿಸಬೇಡಿ.