ಲಕ್ಷ್ಮಿ ಹಿಂದೆ ಬರ್ತಾಳೆ, ಗಣಪತಿ ಬರಲ್ಲ

ಮುಂಬಯಿಯ ಮಾಟುಂಗಾದ ನಮ್ಮ ಮನೆಯಲ್ಲಿ ಫ್ರಿಜ್ ಮೇಲ್ಗಡೆ ಒಂದು ಲಕ್ಷ್ಮಿ ಪಟ ಇದೆ. ಅಡುಗೆಮನೆಯಲ್ಲಿ ನಿಂತರೂ ನಮ್ಮನ್ನೇ ನೋಡುತ್ತಾಳೆ, ಬಾಲ್ಕನಿಗೆ ಹೋದರೂ ನಮ್ಮನ್ನೇ. ಅಮ್ಮನಿಗೆ ಇದು ದೇವಿಯ ಶಕ್ತಿ. ಬಿಲ್ಡಿಂಗಿನ ವಾಟ್ಸಾಪ್ ಗುಂಪಿಗೆ ಪವಾಡ. ಆಗಾಗ ಯಾವುದೋ ಪಟದ ವಿಡಿಯೊ ಬರುತ್ತದೆ, ‘ಕಣ್ಣು ತಿರುಗುತ್ತಿದೆ ನೋಡಿ, ಹನ್ನೊಂದು ಜನಕ್ಕೆ ಕಳಿಸಿ’ ಅಂತ. ನನಗೆ ಸಿಟ್ಟು ಬರುವುದು ಭಕ್ತಿಯ ಮೇಲಲ್ಲ. ಆ ಕಣ್ಣು ತಿರುಗುವುದೇ ಇಲ್ಲ, ಅದಕ್ಕೇ ಹಿಂದೆ ಬಂದ ಹಾಗೆ ಕಾಣುತ್ತದೆ. ಈ ಮಜಾ ಇವರ ಕೈತಪ್ಪಿ ಹೋಗುತ್ತಿದೆಯಲ್ಲ, ಅದಕ್ಕೆ.

ದೋಸೆ, ಇಡ್ಲಿ ತಗೊಳ್ಳಿ. ಉಡುಪಿ ಹೋಟೆಲುಗಳ ಮಾಟುಂಗಾದಲ್ಲಿ ಕೂತು ಬೇರೆ ಉದಾಹರಣೆ ಯಾಕೆ? ದೋಸೆಯ ನಟ್ಟನಡುವೆ ಒಂದು ಚಿಟಿಕೆ ಚಟ್ನಿಪುಡಿ ಹಾಕಿ. ಮೇಲಿಂದ ನೋಡಿದರೆ ದೋಸೆ ದುಂಡಗೆ. ಓರೆಯಿಂದ ನೋಡಿದರೆ ಅದುಮಿದ ಹಾಗೆ ಚಪ್ಪಟೆ. ಆದರೆ ಚಟ್ನಿಪುಡಿ ಎರಡರಲ್ಲೂ ನಡುವೆಯೇ. ಅದೇ ಚಿಟಿಕೆಯನ್ನು ಇಡ್ಲಿಯ ನೆತ್ತಿಗೆ ಹಾಕಿ ಓರೆಯಿಂದ ನೋಡಿ. ಪುಡಿ ಅಂಚಿಗೆ ಸರಿಯುತ್ತದೆ. ಪಟದ ಕಣ್ಣು ದೋಸೆ, ನಿಜವಾದ ಕಣ್ಣು ಇಡ್ಲಿ.

ಎದುರಿಗೆ ನಿಂತ ಮನುಷ್ಯನ ಪಕ್ಕಕ್ಕೆ ನೀವು ಸರಿದರೆ ಅವನ ಕಣ್ಣಿನ ಬಿಳಿ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಕಾಣುತ್ತದೆ. ಮೂಗು ಆಚೆ ಕೆನ್ನೆಯನ್ನು ಮುಚ್ಚುತ್ತದೆ. ನಮ್ಮ ಮಿದುಳು ಈ ಲೆಕ್ಕ ಹಾಕಿ ‘ಇವನು ನನ್ನನ್ನು ನೋಡ್ತಿಲ್ಲ’ ಅನ್ನುತ್ತದೆ. ಪಟದಲ್ಲಿ ಎರಡೂ ಕಡೆಯ ಬಿಳಿ ಸಮಸಮವಾಗಿ ಕುಗ್ಗುತ್ತದೆ, ಲೆಕ್ಕ ಬದಲಾಗುವುದೇ ಇಲ್ಲ. ಹೋರ್ಡಿಂಗಿನಲ್ಲಿ ನಮ್ಮ ಕಡೆ ಬೆರಳು ತೋರಿಸುವ ರಾಜಕಾರಣಿ ರಸ್ತೆಯ ಆ ತುದಿಯಿಂದ ಈ ತುದಿಯವರೆಗೂ ನಮ್ಮನ್ನೇ ತೋರಿಸುವುದು ಇದರಿಂದಲೇ. ಚಿತ್ರದಲ್ಲಿ ನಮ್ಮತ್ತ ಬರುವ ರೈಲು ಹಳಿ ಕೂಡ ನಾವು ಎಲ್ಲಿ ನಿಂತರೂ ನಮ್ಮ ಕಾಲಬುಡಕ್ಕೇ ಬರುತ್ತದೆ. ಅದನ್ನು ಯಾರೂ ಪವಾಡ ಅನ್ನಲ್ಲ, ಅಲ್ವಾ?

ಪಕ್ಕಕ್ಕೆ ನೋಡುವ ಚಿತ್ರ ಮಾತ್ರ ನೀವು ಎಲ್ಲಿ ಹೋದರೂ ನಿಮ್ಮನ್ನು ನೋಡಲ್ಲ. ತಮಾಷೆ ಅಂದರೆ, ಹೀಗೆ ಹಿಂದೆ ಬರುವ ನೋಟಕ್ಕೆ ‘ಮೋನಾಲಿಸಾ ಪರಿಣಾಮ’ ಅಂತ ಹೆಸರಿದೆ. ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದವರು 2019ರಲ್ಲಿ ಅಳೆದು ನೋಡಿದರು. ಮೋನಾಲಿಸಾಳ ನೋಟ ನೋಡುವವರ ಬಲಕ್ಕೆ ಸುಮಾರು 15 ಡಿಗ್ರಿ ವಾಲಿದೆಯಂತೆ, ಅಂದರೆ ಅವಳೇ ನಮ್ಮನ್ನು ನೋಡಲ್ಲ!

ನನ್ನ ಅಕ್ಕನ ಮಗಳು ಇಲ್ಲೇ ಇಲಸ್ಟ್ರೇಶನ್ ಓದುತ್ತಿದ್ದಾಳೆ. ಅವಳ ಪ್ರಾಜೆಕ್ಟ್: ದೇವರ ಪಟದಲ್ಲಿ ಯಾರು ಯಾರನ್ನು ನೋಡುತ್ತಾರೆ? ಥಿಯರಿ ಕ್ಲಾಸಿನಲ್ಲಿ ದರ್ಶನ ಅಂದರೆ ಎರಡೂ ಕಡೆಯ ನೋಟ, ಭಕ್ತ ದೇವರನ್ನು ನೋಡುತ್ತಾನೆ, ದೇವರು ಭಕ್ತನನ್ನು ಅಂತ ಪಾಠ. ಅದರ ಮೇಲೆ ನಲವತ್ತು ಪುಟ ಬರೆದಳು. ಸ್ಟುಡಿಯೊದಲ್ಲಿ ಚಿತ್ರ ಬೇರೆ ನಡೆಯುತ್ತಿತ್ತು. ಎರಡಕ್ಕೂ ಮಾತಿಲ್ಲ ಕತೆಯಿಲ್ಲ. ‘ಚಿತ್ರ ಬಿಡಿಸೋದು ಸಂಶೋಧನೆ ಅಲ್ಲ, ಕೊನೆಗೆ ಅಂಟಿಸು ಸಾಕು’ ಅಂತ ಒಬ್ಬ ಗೈಡ್ ಹೇಳಿದರಂತೆ. ನನಗೆ ಮೈ ಉರಿಯಿತು. ಅವಳಿಗೆ ವೊಲಾಸ್ಟನ್ ಕತೆ ಹೇಳಿದೆ.

ವಿಲಿಯಂ ಹೈಡ್ ವೊಲಾಸ್ಟನ್ ಇಂಗ್ಲೆಂಡಿನ ರಸಾಯನ ವಿಜ್ಞಾನಿ. ಪಲ್ಲೇಡಿಯಂ, ರೋಡಿಯಂ ಅನ್ನುವ ಲೋಹಗಳನ್ನು ಕಂಡುಹಿಡಿದವನು. ಎದುರಿನ ದೃಶ್ಯ ಕಾಗದದ ಮೇಲೇ ಬಿದ್ದ ಹಾಗೆ ಕಾಣಿಸುವ ಕ್ಯಾಮೆರಾ ಲೂಸಿಡಾ ಅನ್ನುವ ಸಾಧನಕ್ಕೆ 1806ರಲ್ಲಿ ಪೇಟೆಂಟ್ ತಗೊಂಡ. ಗೆರೆ ಎಳೆಯಲು ಒದ್ದಾಡುವವರಿಗೆ ಅದು ವರ. ಇವನೇ 1824ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಗೆ ಚಿತ್ರದ ಕಣ್ಣುಗಳ ಬಗ್ಗೆ ಪ್ರಬಂಧ ಕೊಟ್ಟ. ಬರೀ ಮಾತಲ್ಲ. ಥಾಮಸ್ ಲಾರೆನ್ಸ್ ಅನ್ನುವ ದೊಡ್ಡ ಚಿತ್ರಕಾರನಿಂದ ಮುಖಗಳನ್ನು ಬರೆಸಿದ. ಒಂದೇ ಜೊತೆ ಕಣ್ಣು, ಕೆಳಗಿನ ಮೂಗು ಬಾಯಿ ಮಾತ್ರ ಬೇರೆ. ಮೂಗು ತಿರುಗಿದ ಕಡೆಗೆ ನೋಟವೂ ವಾಲಿತು! ಕಣ್ಣಿನ ಒಂದು ಗೆರೆಯೂ ಬದಲಾಗಿರಲಿಲ್ಲ. ಇದನ್ನು ಬರೀ ವಾದ ಮಾಡಿ ಗೆಲ್ಲೋಕಾಗಲ್ಲ, ಬಿಡಿಸಿಯೇ ನೋಡಬೇಕು. ಪೆನ್ಸಿಲ್ಲೇ ಇಲ್ಲಿ ಟೆಸ್ಟ್ ಟ್ಯೂಬ್.

ಹುಡುಗಿ ಟ್ರೇಸಿಂಗ್ ಪೇಪರ್ ಹಿಡಿದು ಕೂತಳು. ಒಂದೇ ಲಕ್ಷ್ಮಿ ಕಣ್ಣು, ಹನ್ನೆರಡು ಮೂಗು. ಮೂರನೇ ಮೂಗಿಗೇ ಅವಳ ನಲವತ್ತು ಪುಟ ಅಲ್ಲಾಡಿತು.

ಆಮೇಲೆ ಅವಳೇ ಕೇಳಿದ ಪ್ರಶ್ನೆ ನನಗೆ ಹೊಳೆದಿರಲಿಲ್ಲ: ‘ಹಾಗಾದ್ರೆ ಮೂರ್ತಿ?’ ಮೂರ್ತಿ ಇಡ್ಲಿ. ಪಕ್ಕಕ್ಕೆ ಸರಿದರೆ ದರ್ಶನ ತಪ್ಪುತ್ತದೆ, ಅದಕ್ಕೇ ಎದುರಿನ ಜಾಗಕ್ಕೆ ಅಷ್ಟು ನೂಕುನುಗ್ಗಲು. ರಾಜಾ ರವಿವರ್ಮರ ಲಿಥೋ ಪ್ರೆಸ್ ಇದೇ ಮುಂಬಯಿಯ ಗಿರಗಾಂವ್‌ನಲ್ಲಿ 1894ರಲ್ಲಿ ಶುರುವಾಯಿತು, ಆಮೇಲೆ ಲೋನಾವಳಾ ಹತ್ತಿರದ ಮಳವಲಿಗೆ ಹೋಯಿತು. ಎಣ್ಣೆಗೂ ನೀರಿಗೂ ಆಗಿಬರಲ್ಲ ಅನ್ನುವುದೊಂದನ್ನೇ ನಂಬಿ ಕಲ್ಲಿನ ಮೇಲಿಂದ ಬಣ್ಣ ಬಣ್ಣದ ದೇವರನ್ನು ಅಚ್ಚು ಹಾಕುವ ವಿದ್ಯೆ ಅದು. ಅಗ್ಗದ ಪಟ ಚಾಳಿನ, ಅಂದರೆ ವಠಾರದ, ಒಂಟಿ ಕೋಣೆಗೂ ಬಂತು. ಅಲ್ಲಿ ಎದುರು, ಪಕ್ಕ ಅನ್ನುವ ಭೇದವೇ ಇಲ್ಲ. ಒಲೆ ಮುಂದೆ ಕೂತವಳಿಗೂ ದರ್ಶನ, ಮೂಲೆಯಲ್ಲಿ ಮಲಗಿದವನಿಗೂ ದರ್ಶನ. ಪಟ ಮನೆಮನೆ ಗೆದ್ದದ್ದಕ್ಕೆ ಅಗ್ಗದ ಬೆಲೆಯ ಜೊತೆ ಈ ಚಪ್ಪಟೆತನವೂ ಕಾರಣ ಅಂತ ನನ್ನ ಗುಮಾನಿ.

ಇದನ್ನು ಪರೀಕ್ಷಿಸಲು ಮುಂಬಯಿಯ ಲಾಲ್‌ಬಾಗಿನ ಗಣಪತಿ ಕಾರ್ಖಾನೆಗೆ ಹೋದೆವು. ಅಲ್ಲಿ ಕಣ್ಣು ಬರೆಯುವ ಕೆಲಸಕ್ಕೆ ‘ಆಖಣಿ’ ಅನ್ನುತ್ತಾರೆ, ಅದಕ್ಕೆ ಬೇರೆಯೇ ಕೈ. ಆಖಣಿ ಮುಗಿದ ಗಣಪತಿ ನಾವು ಸರಿದರೆ ಹಿಂದೆ ಬರಲಿಲ್ಲ. ಆದರೆ ಗೋಡೆಗೆ ಒರಗಿಸಿದ್ದ ಖಾಲಿ ಅಚ್ಚು, ಒಳಮುಖದ ಗಣಪತಿ, ಒಂದು ಕಣ್ಣು ಮುಚ್ಚಿ ನಡೆದರೆ ಕತ್ತು ಹೊರಳಿಸಿ ನಮ್ಮ ಹಿಂದೆಯೇ ಬಂತು! ಕುಳಿಬಿದ್ದ ಮುಖವನ್ನು ಮಿದುಳು ಒಪ್ಪುವುದಿಲ್ಲ, ಉಬ್ಬಿದ ಮುಖ ಅಂತಲೇ ಓದುತ್ತದೆ. ಆ ತಪ್ಪು ಓದಿಗೆ ಹೊಂದಬೇಕಾದರೆ ಮುಖ ತಿರುಗಲೇಬೇಕು. ಹುಡುಗಿ ಆ ಅಚ್ಚಿನ ಮುಂದೆ ಅತ್ತಿಂದಿತ್ತ ಇಪ್ಪತ್ತು ಸಲ ನಡೆದಿರಬೇಕು.

ಮನೆಗೆ ಬಂದವಳೇ ಕುರ್ಚಿ ಹತ್ತಿ, ಫ್ರಿಜ್ ಮೇಲಿನ ಲಕ್ಷ್ಮಿಯ ಮೂಗಿಗೆ ಕಾಗದದ ಚೂರು ಹಿಡಿದಳು. ಅಮ್ಮ ಅಡುಗೆಮನೆಯಿಂದಲೇ ಕೂಗಿದರು: ‘ಏಯ್, ದೇವರಿಗೆ ಉಸಿರು ಕಟ್ಟುತ್ತೆ, ತೆಗಿ!’