ರೈಲು ತಪ್ಪಿದ ಊರು

1878ರ ವಸಂತದಲ್ಲಿ ವಿಲಿಯಾನಾ ಹಿಕ್‌ಮನ್ ಎಂಬಾಕೆ ಕೆಂಟಕಿಯಿಂದ ಅಮೆರಿಕದ ಕಾನ್ಸಾಸ್ ಬಯಲಿಗೆ ಬಂದರು. ಊರೆಲ್ಲಿ ಅಂತ ಕೇಳಿದರೆ, ಜೊತೆಗಿದ್ದ ಗಂಡಸರು ನೆಲದಿಂದ ಏಳುತ್ತಿದ್ದ ಹೊಗೆ ತೋರಿಸಿದರು. ಅದೇ ನಿಕೋಡೆಮಸ್! ಜನ ನೆಲ ತೋಡಿಕೊಂಡು ಅದರೊಳಗೇ ಸಂಸಾರ ಮಾಡುತ್ತಿದ್ದರು. ನೋಡಿ ಅತ್ತೇಬಿಟ್ಟೆ ಎಂದು ಆಕೆ ಆಮೇಲೆ ಹೇಳಿಕೊಂಡಿದ್ದಾರೆ.

ಬಂದವರೆಲ್ಲ ಕಪ್ಪು ಜನ. ಜೀತದ ಬಾಳು ಕಂಡವರೇ ಹೆಚ್ಚು. 1865ರಲ್ಲಿ ಗುಲಾಮಗಿರಿ ಹೋಯಿತು, ಆದರೆ ಕೈಗೆ ಜಮೀನು ಬರಲಿಲ್ಲ. ಕಾನ್ಸಾಸ್‌ನಲ್ಲಿ ಸರ್ಕಾರ 160 ಎಕರೆ ಕೊಡುತ್ತಿತ್ತು. ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಬೇಕು, ಅಷ್ಟೇ. 1877ರಲ್ಲಿ ಡಬ್ಲ್ಯು.ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿ, ಡಬ್ಲ್ಯು.ಆರ್. ಹಿಲ್ ಎಂಬ ಬಿಳಿಯ ಮತ್ತು ಇನ್ನೂ ಕೆಲವರು ಸೇರಿ ಊರು ಕಟ್ಟುವ ಕಂಪನಿ ಮಾಡಿದರು. ಕೆಂಟಕಿಯಲ್ಲಿ ಕರಪತ್ರ ಹಂಚಿದರು. ಆ ಸೆಪ್ಟೆಂಬರ್‌ನಲ್ಲಿ ಸುಮಾರು 300 ಜನ ಬಂದಿಳಿದರು.

ರೈಲು ಎಲ್ಲಿಸ್ ಎಂಬ ಊರಿನವರೆಗೆ ಮಾತ್ರ. ಅಲ್ಲಿಂದ ಮುಂದೆ ನಡಿಗೆ. ಮನೆ ಕಟ್ಟಲು ಮರವೇ ಇಲ್ಲದ ಸೀಮೆ ಅದು. ದಿಬ್ಬ ಕೊರೆದು, ಮೇಲೆ ಹುಲ್ಲುಹೆಂಟೆ ಹೊದಿಸಿದರೆ ಅದೇ ಮನೆ. ಒಲೆಗೆ ಕಾಡೆಮ್ಮೆಯ ಒಣ ಸಗಣಿ. ಕೆಲವರು ಬಂದ ದಾರಿಯಲ್ಲೇ ವಾಪಸ್ ಹೋದರು. ಮೊದಲ ಚಳಿಗಾಲದಲ್ಲಿ ಬೇಟೆ ಮುಗಿಸಿ ಮರಳುತ್ತಿದ್ದ ಓಸೇಜ್ ಬುಡಕಟ್ಟಿನವರು ಆಹಾರ ಹಂಚಿಕೊಂಡಿದ್ದರಿಂದ ಉಳಿದವರು ಬದುಕಿದರು.

ಹತ್ತೇ ವರ್ಷದಲ್ಲಿ ಹೋಟೆಲ್, ಚರ್ಚ್, ಬ್ಯಾಂಕ್, ಎರಡು ಪತ್ರಿಕೆ ಎಲ್ಲ ಬಂದವು. ಇನ್ನು ಬೇಕಿದ್ದದ್ದು ರೈಲು. ಮಿಸೌರಿ ಪೆಸಿಫಿಕ್ ಕಂಪನಿಯನ್ನು ಕರೆಸಲು ಜನ 16,000 ಡಾಲರ್ ಬಾಂಡ್‌ಗೆ, ಅಂದರೆ ಊರಿನ ಹೆಸರಲ್ಲಿ ಸಾಲ ಎತ್ತುವುದಕ್ಕೆ, ಮತ ಹಾಕಿದರು. ಅದು ಬರಲೇ ಇಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿ ಹಾಕಿದ್ದು ನದಿಯ ಆಚೆ ದಡದಲ್ಲಿ. ಅಲ್ಲಿ ಬೋಗ್ ಎಂಬ ಊರು ಎದ್ದಿತು. ಅಂಗಡಿಯವರು ಒಬ್ಬೊಬ್ಬರೇ ಆ ಕಡೆ ಹೋದರು.

ನಿಕೋಡೆಮಸ್ ಸೊರಗಿದ್ದು ರೈಲು ತಪ್ಪಿದ್ದಕ್ಕೆ ಅಂತಲೇ ಎಲ್ಲರೂ ಹೇಳುವುದು. ಪೂರ್ತಿ ಒಪ್ಪಲು ನನಗೆ ಸ್ವಲ್ಪ ಕಷ್ಟ. ರೈಲು ಸಿಕ್ಕ ಬೋಗ್‌ನಲ್ಲೂ ಈಗ 200 ಜನ ಇಲ್ಲ! 1930ರ ದಶಕದ ಬರ, ಧೂಳಿನ ಬಿರುಗಾಳಿ, ಆಮೇಲೆ ಬಂದ ದೊಡ್ಡ ಯಂತ್ರಗಳು ಇಡೀ ಬಯಲುಸೀಮೆಯನ್ನೇ ಖಾಲಿ ಮಾಡಿದವು. ನಿಕೋಡೆಮಸ್‌ನ ಅಂಚೆ ಕಚೇರಿ 1953ರಲ್ಲಿ, ಶಾಲೆ 1960ರಲ್ಲಿ ಮುಚ್ಚಿದವು.

2020ರ ಜನಗಣತಿಯಲ್ಲಿ ಸಿಕ್ಕಿದ್ದು 14 ಜನ. ಆದರೆ ಜುಲೈ ಕೊನೆಯ ವಾರಾಂತ್ಯಕ್ಕೆ ಹೋದರೆ ಲೆಕ್ಕವೇ ಬೇರೆ. ಬ್ರಿಟನ್ ತನ್ನ ವೆಸ್ಟ್ ಇಂಡೀಸ್‌ನ ಗುಲಾಮರನ್ನು ಬಿಡಿಸಿದ 1834ರ ಆಗಸ್ಟ್ 1ರ ನೆನಪಿಗೆ ಮೊದಲಿಂದಲೂ ನಡೆದುಬಂದ ಹಬ್ಬವದು. ಡೆನ್ವರ್‌ನಂಥ ದೂರದ ಊರುಗಳಿಂದ ಮೊಮ್ಮಕ್ಕಳು, ಮರಿಮಕ್ಕಳು ಬರುತ್ತಾರೆ. 1939ರಲ್ಲಿ ಸುಣ್ಣಕಲ್ಲಿನಿಂದ ಕಟ್ಟಿದ ಟೌನ್‌ಶಿಪ್ ಹಾಲ್ ತುಂಬುತ್ತದೆ. ಯಾರು ಯಾರ ಮನೆಯವರು, ಯಾವ ತಲೆಮಾರು ಅಂತ ವಿಚಾರಿಸಿಕೊಳ್ಳುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ.