ಥೈಮ್: ವಾಸನೆ ಓಮದ್ದು, ಬಳಗ ತುಳಸಿಯದು

ಥೈಮ್ ಯುರೋಪಿನ ಅಡುಗೆಯ ಒಂದು ಘಮದ ಸೊಪ್ಪು. ಅದರ ಎಲೆಯನ್ನು ಮೊದಲ ಸಲ ಉಜ್ಜಿ ಮೂಸಿದವರಿಗೆ ಓಮ ನೆನಪಾಗುತ್ತದೆ. ಮೂಗು ಸುಳ್ಳು ಹೇಳುತ್ತಿಲ್ಲ: ಎರಡರ ತೈಲದಲ್ಲೂ ಥೈಮಾಲ್ ಎಂಬ ವಾಸನೆಯ ವಸ್ತು ಇದೆ. ಅಷ್ಟಕ್ಕೇ ಎರಡನ್ನೂ ಒಂದೇ ಕುಟುಂಬವೆಂದು ಬರೆದರೆ ಅಂಕ ಹೋಗುತ್ತದೆ. ಓಮ ಜೀರಿಗೆ, ಕೊತ್ತಂಬರಿಗಳ ಕುಟುಂಬದ್ದು. ಥೈಮ್ ತುಳಸಿ, ಪುದೀನಗಳ ಬಳಗದ್ದು. ನಮ್ಮ ದೊಡ್ಡಪತ್ರೆಯೂ ತುಳಸಿಯ ಬಳಗವೇ. ಅದನ್ನು ‘ಅಜವಾನದ ಗಿಡ’ ಎಂದು ಮಾರುವುದುಂಟು. ಹಾಗಾಗಿ ಓಮದ ಕಾಳು ಅದರಲ್ಲೇ ಬಿಡುತ್ತದೆಂದು ನಾನೂ ಬಹುಕಾಲ ನಂಬಿದ್ದೆ. ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್ ಎಂಬ ವಸ್ತುವೂ ಇದೆ. ಅದರದೂ ಥೈಮಾಲ್‌ನದೂ ಅಣುಸೂತ್ರ ಒಂದೇ, ಹೈಡ್ರಾಕ್ಸಿಲ್ ಗುಂಪು (ಆಮ್ಲಜನಕ, ಜಲಜನಕಗಳ ಜೋಡಿ) ಕುಳಿತ ಜಾಗ ಮಾತ್ರ ಬೇರೆ.

ಬಳಗ ಒಂದಾದರೂ ಆರೈಕೆ ಒಂದಲ್ಲ. ಥೈಮ್‌ನ ತವರು ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ತೀರದ ಕಲ್ಲುಗುಡ್ಡಗಳು; ಅಲ್ಲಿ ಬೇಸಿಗೆಯಲ್ಲಿ ಮಳೆಯೇ ಅಪರೂಪ. ಎಲೆ ಪುಟ್ಟದಾಗಿ, ಅಂಚು ಒಳಕ್ಕೆ ಮಡಚಿಕೊಂಡಿರುವುದು ನೀರು ಉಳಿಸುವ ಉಪಾಯ. ಇದನ್ನು ಓದಿಯೂ ನಾನು ತುಳಸಿಗೆ ಹಾಕಿದಂತೆ ದಿನವೂ ನೀರು ಹಾಕಿ ಎರಡು ಗಿಡ ಕೊಂದೆ. ಬೇರು ಕೊಳೆತಾಗ ಮೇಲೆ ಕಾಣುವುದು ಬಾಡಿದ ಎಲೆ. ಅದನ್ನು ಬಾಯಾರಿಕೆ ಎಂದುಕೊಂಡು ಮತ್ತೊಂದು ತಂಬಿಗೆ ಸುರಿಯುತ್ತೇವೆ, ಕಥೆ ಮುಗಿಯುತ್ತದೆ. ಈಗ ಕುಂಡದ ಮಣ್ಣಿಗೆ ದಪ್ಪ ಮರಳು ಧಾರಾಳವಾಗಿ ಬೆರೆಸುತ್ತೇನೆ, ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ನೀರು ಕೊಡುತ್ತೇನೆ, ಮಳೆಗಾಲದಲ್ಲಿ ಕುಂಡವನ್ನು ಸೂರಿನಡಿಗೆ ಸರಿಸುತ್ತೇನೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಬೀಜ ತೀರಾ ಸಣ್ಣದು, ಮೊಳೆಯುವುದೂ ನಿಧಾನ; ಎಳೆಯ ಕಡ್ಡಿ ನೆಡುವುದೇ ಸಲೀಸು. ಹೂ ಮುಗಿದ ಮೇಲೆ ತುದಿ ಕತ್ತರಿಸಿ. ಎಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿ ಇಳಿಸಿದರೆ ಮತ್ತೆ ಚಿಗುರುವುದು ಕಷ್ಟ.

ಅಡುಗೆಯಲ್ಲಿ ಇದು ಕೊತ್ತಂಬರಿ ಸೊಪ್ಪಿನಂತೆ ಕೊನೆಗೆ ಉದುರಿಸುವಂಥದ್ದಲ್ಲ. ನಿಧಾನವಾಗಿ ಬೆಂದಷ್ಟೂ ರುಚಿ ಬಿಡುತ್ತದೆ. ಫ್ರಾನ್ಸಿನವರು ಥೈಮ್, ಪಾರ್ಸ್ಲಿ, ಬೇ ಎಲೆಗಳನ್ನು ದಾರದಲ್ಲಿ ಕಟ್ಟಿ ಕುದಿಯುವ ಸೂಪಿನಲ್ಲಿ ಇಳಿಬಿಡುತ್ತಾರೆ, ಬಡಿಸುವ ಮುನ್ನ ಎತ್ತಿ ಬಿಸಾಡುತ್ತಾರೆ. ಈ ಕಟ್ಟಿನ ಹೆಸರು ಬೊಕೆ ಗಾರ್ನಿ. ಹಸಿ ಎಲೆ 3 ಚಮಚ ಬೇಕಾದಲ್ಲಿ ಒಣಗಿದ್ದು 1 ಚಮಚ ಸಾಕು.

ಯುರೋಪಿನಲ್ಲಿ ಕೆಮ್ಮಿಗೆ ಇದು ಹಳೆಯ ಮನೆಮದ್ದು. ಒಂದು ಲೋಟ ಕುದಿನೀರಿಗೆ 1ರಿಂದ 2 ಗ್ರಾಂ ಒಣ ಎಲೆ ಹಾಕಿ 10 ನಿಮಿಷ ಮುಚ್ಚಿಡಬೇಕು. ಮುಚ್ಚಳ ಮರೆತರೆ ತೈಲ ಆವಿಯಾಗಿ ಅಡುಗೆಮನೆ ಘಮಘಮಿಸುತ್ತದೆ, ಲೋಟದಲ್ಲಿ ಉಳಿಯುವುದು ಹಸಿರು ನೀರು. ಗರ್ಭಿಣಿಯರು ಕಷಾಯದ ಪ್ರಮಾಣದಲ್ಲಿ ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕು. ಸೀಸೆಯಲ್ಲಿ ಸಿಗುವ ಥೈಮ್ ತೈಲವಂತೂ ಬಲು ತೀಕ್ಷ್ಣ: ಅದನ್ನು ಕುಡಿಯುವಂತಿಲ್ಲ, ನೇರವಾಗಿ ಚರ್ಮಕ್ಕೆ ಹಚ್ಚುವಂತೆಯೂ ಇಲ್ಲ.